1824ರಲ್ಲಿ ಲಂಡನ್ ಬಿಟ್ಟ ತಿಮಿಂಗಿಲ ಬೇಟೆ ಹಡಗು ಎರಡೂವರೆ ವರ್ಷ ನಾಪತ್ತೆ, ಮುಳುಗಿತೇ?

ಮುಳುಗಿರಲಿಕ್ಕಿಲ್ಲ. ಬಹುಶಃ ಪೆಸಿಫಿಕ್‌ನಲ್ಲೇ ಬೇಟೆಯಾಡುತ್ತಿತ್ತು. ತಿಮಿಂಗಿಲದ ಎಣ್ಣೆಯಿಂದ ಪೀಪಾಯಿ ತುಂಬುವವರೆಗೆ ಇಂಥ ಹಡಗುಗಳು ಸಾಮಾನ್ಯವಾಗಿ ಮರಳುತ್ತಿರಲಿಲ್ಲ. ಜಪಾನ್ ಕಡಲಿಗೆ ಹೋದ 'ಸೈರನ್' 1819ರಲ್ಲಿ ಹೊರಟು ಮರಳಿದ್ದು 1822ರಲ್ಲಿ.

ಮೊದಲು ನಾಯಕನ ಹೆಸರು ಖಚಿತಪಡಿಸಿಕೊಳ್ಳಿ. ಒಂದೇ ಹೆಸರಿನ ಹಡಗು ಹಲವಿದ್ದವು. ನಾನು ಇಲ್ಲೇ ಎಡವಿ ಬೇರೊಂದು ಹಡಗಿನ ಬೆನ್ನು ಹತ್ತಿದ್ದೆ. ಆಮೇಲೆ ಬ್ರಿಟಿಷ್ ತಿಮಿಂಗಿಲ ಬೇಟೆ ಯಾನಗಳ 'ಬ್ರಿಟಿಷ್ ಸದರ್ನ್ ವೇಲ್ ಫಿಶರಿ' ದತ್ತಾಂಶದಲ್ಲಿ ಹೊರಟ, ಮರಳಿದ ವರ್ಷ ನೋಡಿ. ನಡುವಿನ ಅವಧಿಗೆ ಲಂಡನ್ನಿನ ಹಡಗು ಸುದ್ದಿಪತ್ರಿಕೆ 'ಲಾಯ್ಡ್ಸ್ ಲಿಸ್ಟ್' ನೋಡಿ. ನಡುಗಡಲಲ್ಲಿ ಎದುರಾದ ಹಡಗುಗಳು ತಂದ ಸುದ್ದಿ ಅದರಲ್ಲಿ ಒಂದೊಂದೇ ಸಾಲಾಗಿ ಇರುತ್ತದೆ: ಯಾವ ಹಡಗು, ಎಲ್ಲಿ ಕಂಡಿತು, ಎಷ್ಟು ಪೀಪಾಯಿ ಎಣ್ಣೆ. ಪೀಪಾಯಿ ಲೆಕ್ಕ ಏರುತ್ತಿದ್ದರೆ ಅದು ನಿಮ್ಮದೇ ಹಡಗು ಎನ್ನಲು ಒಳ್ಳೆಯ ಸುಳಿವು.

ಅಲ್ಲೂ ಸಿಗದಿದ್ದರೆ ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ ಜಾಲತಾಣ ಟ್ರೋವ್‌ನಲ್ಲಿ ಆ ಕಾಲದ ಪತ್ರಿಕೆ 'ಸಿಡ್ನಿ ಗೆಜೆಟ್' ತೆರೆದು, ನಾಯಕನ ಹೆಸರಿನಿಂದಲೇ ಹುಡುಕಿ.