ಜನರೇ ಬೇಡವೆಂದಾಗ 2007ರಲ್ಲಿ ಅಮೆರಿಕದ ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಇರಾಕಿಗೆ ಇನ್ನಷ್ಟು ಸೈನ್ಯ ಕಳಿಸಿದ್ದೇಕೆ?

ಮುಖ್ಯವಾಗಿ, ಸೋಲು ತಮ್ಮ ಅವಧಿಯ ಲೆಕ್ಕಕ್ಕೆ ಸೇರಬಾರದೆಂದು. 2006ರ ನವೆಂಬರ್ ಚುನಾವಣೆಯಲ್ಲಿ ಅವರ ಪಕ್ಷದ ರಿಪಬ್ಲಿಕನ್ನರು ಸಂಸತ್ತಿನ ಎರಡೂ ಸದನಗಳ ಬಹುಮತ ಕಳೆದುಕೊಂಡರು. ಮರುದಿನವೇ ರಕ್ಷಣಾ ಸಚಿವ ರಮ್ಸ್‌ಫೆಲ್ಡ್ ನಿರ್ಗಮನ ಪ್ರಕಟವಾಯಿತು. 2008ರ ಆರಂಭದೊಳಗೆ ಕಾದಾಡುವ ಬ್ರಿಗೇಡುಗಳನ್ನು (ಕೆಲವು ಸಾವಿರ ಸೈನಿಕರ ದಳಗಳು) ವಾಪಸು ಕರೆಸಬಹುದೆಂದು ಡಿಸೆಂಬರಿನಲ್ಲಿ ಬೇಕರ್–ಹ್ಯಾಮಿಲ್ಟನ್ ಸಮಿತಿ (ಇರಾಕ್ ನೀತಿ ಪರಿಶೀಲಿಸಲು ನೇಮಕವಾದ, ಎರಡೂ ಪಕ್ಷದವರಿದ್ದ ಸಮಿತಿ) ಹೇಳಿತು. ಒಪ್ಪಿದ್ದರೆ ಸೋತೆವೆಂದು ತಾವೇ ಬರೆದುಕೊಟ್ಟಂತೆ. ಬದಲಿಗೆ 2007ರ ಜನವರಿ 10ರಂದು 20,000ಕ್ಕೂ ಹೆಚ್ಚು ಸೈನಿಕರನ್ನು ಘೋಷಿಸಿದರು: ಐದು ಬ್ರಿಗೇಡ್ ಬಾಗ್ದಾದಿಗೆ, 4,000 ಮಂದಿ ಪಶ್ಚಿಮದ ಅನ್ಬರ್ ಪ್ರಾಂತ್ಯಕ್ಕೆ.

ಅಷ್ಟು ಧೈರ್ಯ ಎಲ್ಲಿಂದ? ಅದು ಎರಡನೇ ಮತ್ತು ಕೊನೆಯ ಅವಧಿ, ಮತ್ತೆ ಮತ ಕೇಳುವ ಹಂಗಿಲ್ಲ. ಸಂಸತ್ತಿನ ಕೈಲಿದ್ದ ನಿಜವಾದ ಅಸ್ತ್ರ ಹಣ ತಡೆಯುವುದು. ತಡೆದರೆ ಯೋಧರನ್ನು ನಡುನೀರಲ್ಲಿ ಕೈಬಿಟ್ಟರೆಂಬ ಅಪವಾದ. ವಾಪಸಾತಿ ಗಡುವಿದ್ದ ಹಣಕಾಸು ಮಸೂದೆಗೆ ಮೇ 1ರಂದು ಬುಷ್ ವೀಟೋ (ಅಧ್ಯಕ್ಷರ ತಿರಸ್ಕಾರ) ಬಿತ್ತು. ಅದನ್ನು ಮೀರಲು ಬೇಕಾದ ಮೂರನೇ ಎರಡರಷ್ಟು ಮತ ಹುಟ್ಟಲಿಲ್ಲ. ಹೆಚ್ಚುವರಿ ಸೈನ್ಯಕ್ಕೆ ಒಲವು ತೋರದ, ಇರಾಕಿನಲ್ಲಿ ಸೇನೆ ಮುನ್ನಡೆಸುತ್ತಿದ್ದ ಜನರಲ್ ಕೇಸಿ ಜಾಗಕ್ಕೆ ಜನರಲ್ ಪೆಟ್ರೇಯಸ್ ಬಂದರು.

ಬರೀ ರಾಜಕೀಯವೆಂದರೂ ತಪ್ಪು. ಬಾಗ್ದಾದಿನ ಶಿಯಾ–ಸುನ್ನಿ ಕೊಲೆಗಳನ್ನು ತಡೆದು, ತೈಲ ಆದಾಯ ಹಂಚಿಕೆಯ ಕಾನೂನು ಮಾಡಲು ಇರಾಕಿನ ಪ್ರಧಾನಿ ಮಲಿಕಿ ಸರ್ಕಾರಕ್ಕೆ ಬಿಡುವು ಕೊಡುವ ಎಣಿಕೆಯೂ ಇತ್ತು. ಹಿಂಸೆ ಇಳಿಯಿತು (ಅನ್ಬರಿನ ಸುನ್ನಿ ಬುಡಕಟ್ಟುಗಳು 2006ರಲ್ಲೇ ಅಲ್-ಕೈದಾ ವಿರುದ್ಧ ತಿರುಗಿದ್ದವು, ಅದನ್ನು ಮರೆಯುವಂತಿಲ್ಲ). ತೈಲ ಕಾನೂನು ಮಾತ್ರ ಬುಷ್ ಇಳಿಯುವವರೆಗೂ ಪಾಸಾಗಲಿಲ್ಲ.