ಕಣಕಾಲು ನೋವಾ? ಸ್ವಲ್ಪ ದಿನ ನೀರಲ್ಲಿ ಓಡಿ

ಪ್ರಶ್ನೆ: ನನಗೆ 36 ವರ್ಷ. 10 ಕಿ.ಮೀ. ಓಟಕ್ಕೆಂದು ಮೂರು ತಿಂಗಳಿಂದ ಲಾಲ್‌ಬಾಗ್‌ನಲ್ಲಿ ಅಭ್ಯಾಸ ಮಾಡುತ್ತಿದ್ದೆ. ಈಗ ಎಡ ಕಣಕಾಲಿನ ಮೂಳೆಯ ಒಳಬದಿಯಲ್ಲಿ ನೋವು. ಓಡಲು ಶುರು ಮಾಡಿದಾಗ ಜಾಸ್ತಿ, ಮೈ ಬಿಸಿಯಾದ ಮೇಲೆ ಕಡಿಮೆ, ಸಂಜೆ ಮತ್ತೆ ಶುರು. ಸ್ಪರ್ಧೆಗೆ ಎರಡು ತಿಂಗಳಿದೆ. ಈಗ ನಿಲ್ಲಿಸಿದರೆ ಮಾಡಿದ್ದೆಲ್ಲ ನೀರಲ್ಲಿ ಹೋಮ ಅಲ್ವಾ?
– ಹೆಸರು ಬೇಡ, ಬೆಂಗಳೂರು

ಉತ್ತರ: ಹೋಮ ಆಗುವುದಿಲ್ಲ. ಆದರೆ ನೀರಿಗೆ ಇಳಿಯಬೇಕಾಗುತ್ತದೆ!

ಮೊದಲು ಒಂದು ಕೆಲಸ. ಮೂಳೆಯ ಒಳ ಅಂಚಿನುದ್ದಕ್ಕೂ ಬೆರಳಿನಿಂದ ಒತ್ತುತ್ತ ಬನ್ನಿ. ನೋವು 5 ಸೆಂ.ಮೀ.ಗಿಂತ ಉದ್ದಕ್ಕೆ ಹರಡಿದ್ದರೆ ಬಹುಮಟ್ಟಿಗೆ ಅದು ಶಿನ್ ಸ್ಪ್ಲಿಂಟ್ಸ್, ಅಂದರೆ ಓಟ ಅತಿಯಾದಾಗ ಮಂಡಿಗೂ ಪಾದಕ್ಕೂ ನಡುವಿನ ಮೂಳೆಯ ಅಂಚಿನಲ್ಲಿ ಬರುವ ನೋವು. ನೀವು ಬರೆದಿರುವುದೂ ಅದಕ್ಕೇ ಹೊಂದುತ್ತದೆ. ಬದಲಿಗೆ ‘ಇಲ್ಲೇ’ ಅಂತ ಬೆರಳಿಟ್ಟು ತೋರಿಸುವಂತಿದ್ದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ, ಮೂಳೆಯಲ್ಲಿ ಸಣ್ಣ ಬಿರುಕು, ಅಂದರೆ ಸ್ಟ್ರೆಸ್ ಫ್ರ್ಯಾಕ್ಚರ್ ಇರಬಹುದು. ಆಗ ಮುಂದಿನದನ್ನೆಲ್ಲ ಬದಿಗಿಟ್ಟು ಮೂಳೆ ಡಾಕ್ಟರನ್ನು ನೋಡಿ. ಮೊದಲ ಎರಡು ಮೂರು ವಾರ ಇಂಥ ಬಿರುಕು ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು, ಎಂ.ಆರ್.ಐ.ಯಲ್ಲಿ ಕಾಣುತ್ತದೆ. ‘ಎಕ್ಸ್‌ರೇ ಕ್ಲಿಯರ್ ಇದೆ’ ಅಂತ ಓಡಿ, ಆಮೇಲೆ ಕುಂಟುತ್ತ ಬಂದವರನ್ನು ಬೇಕಾದಷ್ಟು ನೋಡಿದ್ದೇನೆ.

ಬಿರುಕಿಲ್ಲ ಎಂದಾದರೆ ಈಜುಕೊಳಕ್ಕೆ ಹೋಗಿ. ಎದೆಮಟ್ಟದ ನೀರಿನಲ್ಲಿ ನಿಂತರೆ ಕಾಲಿನ ಮೇಲೆ ಬೀಳುವುದು ಮೈತೂಕದ ಸುಮಾರು ಮೂರನೇ ಒಂದು ಭಾಗ ಮಾತ್ರ. ಸೊಂಟಕ್ಕೆ ತೇಲುವ ಬೆಲ್ಟ್ ಕಟ್ಟಿಕೊಂಡು ಆಳದಲ್ಲಿ ಓಡಿದರೆ ಪಾದ ನೆಲಕ್ಕೆ ತಾಗುವುದೇ ಇಲ್ಲ. ಈಜು ಬರದಿದ್ದರೆ ಆಳಕ್ಕೆ ಹೋಗಬೇಡಿ, ಎದೆಮಟ್ಟ ಸಾಕು. ಮೈ ನೆಟ್ಟಗಿರಲಿ, ಮಂಡಿ ಮೇಲೆತ್ತಿ, ಕೈ ಬೀಸಿ. ಮೂರು ನಿಮಿಷ ಜೋರು, ಒಂದು ನಿಮಿಷ ನಿಧಾನ, ಹೀಗೆ ಆರು ಸಲ. ನೀರಿನಲ್ಲಿ ಎದೆಬಡಿತ ನಿಮಿಷಕ್ಕೆ ಹತ್ತರಷ್ಟು ಕಡಿಮೆಯೇ ತೋರಿಸುತ್ತದೆ. ವಾಚ್ ನೋಡಿ ಬೇಜಾರಾಗಬೇಡಿ, ಏದುಸಿರನ್ನೇ ಲೆಕ್ಕಕ್ಕೆ ಹಿಡಿಯಿರಿ. ಹೀಗೆ ಮಾಡಿದರೆ ನಾಲ್ಕು ವಾರ ದಮ್ಮು ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಬೋರು ಹೊಡೆಯುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಬೇಸಿಗೆ ಶಿಬಿರದ ಮಕ್ಕಳು ಬರುವ ಮೊದಲೇ ಮುಗಿಸಿಕೊಳ್ಳಿ.

ಕೊಳ ದೂರವಾದರೆ ಸೈಕಲ್. ಪೆಡಲ್ ಕೆಳಗಿದ್ದಾಗ ಮಂಡಿ ಸ್ವಲ್ಪವೇ ಮಡಚಿರುವಷ್ಟು ಸೀಟು ಎತ್ತರಿಸಿ. ಇಲ್ಲದಿದ್ದರೆ ಕಣಕಾಲಿನ ಜೊತೆ ಮಂಡಿ ನೋವೂ ಬರುತ್ತದೆ. 1984ರಲ್ಲಿ ಅಮೆರಿಕದ ಜೋನ್ ಬೆನೊಯ್ಟ್ ಒಲಿಂಪಿಕ್ ಆಯ್ಕೆಯ ಓಟಕ್ಕೆ 17 ದಿನ ಮೊದಲು ಮಂಡಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಆಯ್ಕೆಯೂ ಆದರು, ಲಾಸ್ ಏಂಜಲೀಸ್‌ನಲ್ಲಿ ಮ್ಯಾರಥಾನ್ ಚಿನ್ನವನ್ನೂ ಗೆದ್ದರು. ಶಸ್ತ್ರಚಿಕಿತ್ಸೆಯಾದ ಮೇಲಿನ ದಿನಗಳಲ್ಲಿ ಅವರು ವ್ಯಾಯಾಮದ ಸೈಕಲ್ಲನ್ನು ಕೈಯಿಂದ ತುಳಿಯುತ್ತಿದ್ದರಂತೆ. ನೀವು ಕಾಲಿಂದಲೇ ತುಳಿಯಿರಿ, ಸಾಕು.

ಇಷ್ಟರಿಂದ ದಮ್ಮು ಉಳಿಯುತ್ತದೆ, ಕಾಲು ಗಟ್ಟಿಯಾಗುವುದಿಲ್ಲ. ಅದಕ್ಕೆ ಮೀನಖಂಡಕ್ಕೆ ಕೆಲಸ ಕೊಡಬೇಕು. ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸಿ. ಮಂಡಿ ನೇರವಾಗಿಟ್ಟು 15, ಮಡಚಿ 15, ಮೂರು ಸುತ್ತು, ದಿನ ಬಿಟ್ಟು ದಿನ. ಮೊದಲು ಎರಡೂ ಕಾಲಲ್ಲಿ, ಆಮೇಲೆ ಒಂಟಿಗಾಲಲ್ಲಿ.

ಮತ್ತೆ ಓಡುವುದು ಯಾವಾಗ? ಒತ್ತಿದರೆ ನೋವಿಲ್ಲ, 30 ನಿಮಿಷ ಬಿರುಸಾಗಿ ನಡೆದರೂ ನೋವಿಲ್ಲ ಎಂದಾದ ಮೇಲೆ. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಎಂಟು ಸಲ. ಮಾರನೇ ದಿನ ಓಡಬೇಡಿ. ಆ ಬೆಳಿಗ್ಗೆ ಹಾಸಿಗೆಯಿಂದ ಇಳಿದಾಗ ಕಣಕಾಲು ನೋಯದಿದ್ದರೆ ಮುಂದಿನ ಸಲ ಓಟ ಸ್ವಲ್ಪ ಹೆಚ್ಚಿಸಿ. ನೋಯಿತಾ, ಒಂದು ಮೆಟ್ಟಿಲು ಹಿಂದಕ್ಕೆ. ಸ್ಪರ್ಧೆಗೆ ಮೂರು ವಾರ ಇರುವಾಗ 30 ನಿಮಿಷ ಬಿಡದೆ ಓಡಲು ಆಗದಿದ್ದರೆ ಈ ಸಲ ಬಿಟ್ಟುಬಿಡಿ. ಶುಲ್ಕ ಹೋದರೆ ಹೋಗಲಿ.