ಬಿಳಿ ಹೋಗ್ತೈತಿ ಅಂತ ಬಂದಾಕಿ

ಹೆಸರು, ಊರು, ಗುರುತು ಹತ್ತೋ ಎಲ್ಲಾ ವಿವರ ಬದಲಿ ಮಾಡೇನಿ. ನೀಲವ್ವ ಅಂತ ಕರಿಯೋಣು. ವಯಸ್ಸು 34, ಎರಡು ಮಕ್ಳು, ಗದಗ ಕಡೆಯಾಕಿ, ಲೈಂಗಿಕ ದಂಧೆಕ್ಕ ಹುಬ್ಬಳ್ಳಿಗೆ ಬರ್ತಾಳ, ಓಣ್ಯಾಗ ಕೇಟರಿಂಗ್ ಕೆಲಸ ಅಂತ ಹೇಳ್ಯಾಳ. ನಾಕು ತಿಂಗಳದಾಗ ಮೂರನೇ ಸಲ ನಮ್ಮ ಕ್ಲಿನಿಕ್ಕಿಗೆ ಬಂದಿದ್ಲು, ಅದ ಕಂಪ್ಲೇಂಟು, ಬಿಳಿ ಹೋಗ್ತೈತಿ, ಕಿಬ್ಬೊಟ್ಟಿ ನೋವು, "ಅಕ್ಕೋರ, ಲಗೂ ಗುಳಿಗಿ ಕೊಡ್ರಿ, ಬಸ್ಸಿಗೆ ಹೊತ್ತಾತು."

ಕಾಂಡೋಮ್ ಬಳಸ್ತಿಯೇನು ಅಂತ ಕೇಳಿದ್ರ ಹೂನ್ರಿ ಅಂತಾಳ, ಸುಳ್ಳಲ್ಲ ಅದು, ಗಿರಾಕಿ ಜೋಡಿ ಬಿಡದ ಬಳಸ್ತಾಳ. ಮನ್ಯಾಗಿನವನ ಜೋಡಿ ಆಗಂಗಿಲ್ಲ. "ನಿರೋಧ ತಗದ್ರ, ನಾ ಏನ್ ನಿನ್ನ ಗಿರಾಕಿ ಏನ ಅಂತ ಬಡಿತಾನ್ರಿ." ಆಕಿಗೆ ಔಷಧ ಕೊಟ್ವಿ, ಅವಂಗ ಕೊಡಲಿಲ್ಲ, ಹಂಗಾಗಿ ರೋಗ ತಿರುಗಿ ತಿರುಗಿ ಬರ್ತಿತ್ತು. ಇದನ್ನ ಮೊದಲನೇ ಸಲಾನ ಕೇಳ್ಬೇಕಿತ್ತು ನಾನು.

ಮಾತಾಡುಮುಂದ ಎಡಗೈ ಸೆರಗಿನ್ಯಾಗ ಮುಚ್ಚಿಟ್ಟಿದ್ಲು. ತಗದ್ರ ಬಳಿ ಇಲ್ಲ, ಮುಂಗೈ ಬಾತೈತಿ, ಗಾಜು ಗೀರಿದ ಗಾಯ. ಬಳಿ ಎಲ್ಲಿ ನೀಲವ್ವ ಅಂದೆ. ಭಾಳ ಹೊತ್ತು ಸುಮ್ನಿದ್ಲು. ಆಮ್ಯಾಲ ಹೇಳಿದ್ಲು, ಮೊನ್ನಿ ರಾತ್ರಿ ಬೈಪಾಸ್ ಕಡೆ ರೂಮಿಗೆ ಒಬ್ಬನ ಜೋಡಿ ಮಾತಾಡಿ ಹೋದ್ರ ಒಳಗ ಮೂರು ಮಂದಿ, ಒಲ್ಲೆ ಅಂದಿದ್ದಕ್ಕ ಕೈ ತಿರುವಿದ್ರು, ಯಾರೂ ಕಾಂಡೋಮ್ ಹಾಕಲಿಲ್ಲ, ರೊಕ್ಕಾನೂ ಕಸ್ಕೊಂಡ್ರು. "ನಮ್ಮಂಥೋರಿಗಾದ್ರ ಅದಕ್ಕೊಂದು ಹೆಸರೈತೇನ್ರಿ ಅಕ್ಕೋರ?"

ಐತಿ, ಅತ್ಯಾಚಾರ ಅಂತಾರ ಅದಕ್ಕ, ಒಬ್ಬನ ಜೋಡಿ ಒಪ್ಪಿದ್ದು ಮೂರು ಮಂದಿಗೆ ಒಪ್ಪಿದಂಗ ಅಲ್ಲ ಅಂದೆ. ತಾಸು ಎಣಿಸಿದೆ, 38 ಆಗಿತ್ತು. ಎಚ್‌ಐವಿ ತಡೆಯೋ ಗುಳಿಗಿ, ಪೆಪ್ ಅಂತೀವಿ, 72 ತಾಸಿನೊಳಗ ಶುರು ಆಗ್ಬೇಕು, ಎಷ್ಟು ಲಗೂ ಅಷ್ಟು ಚಲೋ, 28 ದಿನ ತಪ್ಪಿಸಂಗಿಲ್ಲ. ಬಿಳಿ ಹೋಗೋದು ಆಮ್ಯಾಲ ನೋಡೋಣು, ಮೊದ್ಲು ಕಿಮ್ಸ್ ಸರ್ಕಾರಿ ದವಾಖಾನಿಗೆ ನಡಿ ಅಂತ ಆಟೋದಾಗ ನಾನೂ ಹೋದೆ. ದಾರ್‍ಯಾಗ ಎಲ್ಲಾ ಹೇಳಿದೆ: ಎಚ್‌ಐವಿ, ಸಿಫಿಲಿಸ್ ರಕ್ತ ಪರೀಕ್ಷಾ, ಬಸಿರು ನಿಲ್ಲದಂಗ ಗುಳಿಗಿ, ಆವತ್ತಿನ ಸೀರಿ ಒಗಿಬ್ಯಾಡ, ಪ್ಲಾಸ್ಟಿಕ್ ಬ್ಯಾಡ, ಪೇಪರ್ ಚೀಲದಾಗ ಇಡು. ಸೋಪಿನ ನೀರ್ಲೆ ಒಳಗ ತೊಳಕೊಂಡಿದ್ಲು, ಭಾಳ ಮಂದಿ ಮಾಡ್ತಾರ, ರೋಗ ಹೋಗಂಗಿಲ್ಲ, ಒಳಗಿನ ಚರ್ಮ ಕೆಡತೈತಿ.

ಪೊಲೀಸ್ ಅಂದಕೂಡ್ಲೆ ಆಟೋ ಇಳಿಯಾಕ ಹೊಂಟ್ಲು. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಬೇಕಾಗ್ತೈತಿ, ಅದನ್ನ ಮುಚ್ಚಿಡಲಿಲ್ಲ. ಆದ್ರ ತಪಾಸಣಿಗೆ ಒಪ್ಪೋದು, ಹೇಳಿಕಿ ಕೊಡೋದು ನಿನ್ನ ಕೈಯಾಗೈತಿ, ಒಲ್ಲೆ ಅಂದ್ರೂ ಚಿಕಿತ್ಸೆ ಕೊಡಬೇಕು, ಪುಕ್ಕಟೆ ಕೊಡಬೇಕು ಅಂದೆ. 2022ರ ಮೇ ತಿಂಗಳದಾಗ ಸುಪ್ರೀಂ ಕೋರ್ಟೂ ಹೇಳೈತಿ, ದಂಧೆ ಮಾಡೋ ಹೆಣ್ಮಕ್ಕಳ ಮ್ಯಾಲೆ ಅತ್ಯಾಚಾರ ಆದ್ರ ಬ್ಯಾರೆ ಹೆಣ್ಮಕ್ಕಳಿಗೆ ಸಿಗೋ ಎಲ್ಲಾ ಸಹಾಯ ಸಿಗಬೇಕು, ಪೊಲೀಸರು ಮರ್ಯಾದಿಲೆ ನಡಕೋಬೇಕು ಅಂತ. ತಪಾಸಣಿಗೆ ಒಪ್ಪಿದ್ಲು, ಕೇಸ್ ಬ್ಯಾಡ ಅಂದ್ಲು. ನಾ ಒತ್ತಾಯ ಮಾಡಲಿಲ್ಲ. ಪುಕ್ಕಟೆ ವಕೀಲರಿಗೆ 15100, ಮಹಿಳಾ ಸಹಾಯವಾಣಿ 181, ತುರ್ತಿಗೆ 112, ಇವಷ್ಟೂ ಬಾಯಿಪಾಠ ಮಾಡ್ಸಿದೆ, ಫೋನಿನ್ಯಾಗ ಇಟ್ರ ಮನ್ಯಾಗಿನಂವ ನೋಡ್ತಾನ.

ಗುಳಿಗಿ ಬಾಟಲಿನೂ ಅಂವ ನೋಡಬಾರದು. ನಮ್ಮ ಪೀರ್ ಒಬ್ಬಾಕಿ, ಅಂದ್ರ ದಂಧೆ ಹೆಣ್ಮಕ್ಕಳ ಪೈಕಿನ ನಮ್ಮ ಜೋಡಿ ಕೆಲಸ ಮಾಡೋ ಗೆಳತಿ, ಆಕಿ ಹತ್ರ ಇಟ್ಟಳು, ದಿನಾ ಸಂಜಿಕ ನೀರಿಗೆ ಹೋದಾಗ ಅಲ್ಲೇ ನುಂಗೋದು. ಐದನೇ ದಿನ ವಾಂತಿ ಬರೂಹಂಗ ಆಗ್ತೈತಿ, ಬಿಡ್ತೀನಿ ಅಂದ್ಲು, ಉಂಡ ಮ್ಯಾಲ ತಗೋ, ಬಿಡಬ್ಯಾಡ ಅಂತ ದಿನಾ ಫೋನ್ ಮಾಡಿದ್ವಿ. ಆಧಾರ್, ಪಾಸ್‌ಬುಕ್, ಮಕ್ಕಳ ಸಾಲಿ ಕಾಗದ, ಒಂದೀಟು ರೊಕ್ಕ ಹಾಕಿದ ಕೈಚೀಲಾನೂ ಅಲ್ಲೇ ಇಡಿಸಿದೆ. ಜಗಳ ಹತ್ತಿದ್ರ ಅಡಗಿ ಮನಿಗೆ ಹೋಗಬ್ಯಾಡ, ಬಾಗಲ ಕಡೆ ಇರು. ರೂಮಿಗೆ ಹೋಗೂ ಮುಂಚೆ ಎಲ್ಲಿ, ಯಾರ ಜೋಡಿ ಅಂತ ಪೀರ್‌ಗೆ ಒಂದು ಮೆಸೇಜ್ ಹಾಕಿ ಅಳಿಸಿಬಿಡು.

28 ದಿನ ಮುಗಿಸಿದ್ಲು. ಆರು ವಾರದ್ದು, ಮೂರು ತಿಂಗಳದ್ದು ಎರಡೂ ರಿಪೋರ್ಟು ನೆಗೆಟಿವ್, ಆರು ತಿಂಗಳದ್ದೊಂದು ಉಳದೈತಿ. ಅಂವ ಇನ್ನೂ ಔಷಧಕ್ಕ ಬಂದಿಲ್ಲ. ನೀಲವ್ವ ಅವನ ಜೋಡಿನ ಅದಾಳ, ಕೈಚೀಲ ಪೀರ್ ಮನ್ಯಾಗ ಐತಿ.